ಏರಬೇಕಿದ್ದ ಪಾದರಸ

ವಿಶಾಖಪಟ್ಟಣದಲ್ಲಿ ನನ್ನ ಭಾವನಿಗೆ ಪರಿಚಯವಿದ್ದ ಒಂದು ಕನ್ನಡ ಮನೆಯಲ್ಲಿ ಭಾನುವಾರದ ಊಟ ಮುಗಿದ ಮೇಲೆ ರಕ್ತದೊತ್ತಡ ಅಳೆಯುವ ಪೆಟ್ಟಿಗೆ ಹೊರಗೆ ಬರುತ್ತಿತ್ತು, ಬೇರೆ ಮನೆಗಳಲ್ಲಿ ಇಸ್ಪೀಟಿನ ಕಟ್ಟು ಬರುವ ಹಾಗೆ. ಮನೆಯ ಯಜಮಾನರು ಮಂಗಳೂರಿನ ಕಡೆಯವರು, ನೌಕಾಪಡೆಯ ಹಡಗೊಂದರ ಎಂಜಿನ್ ವಿಭಾಗದಲ್ಲಿದ್ದರು. ವರ್ಷಕ್ಕೊಮ್ಮೆ ಅವರಿಗೆ ವೈದ್ಯಕೀಯ ಪರೀಕ್ಷೆ. ಒಂದು ವರ್ಷ ಒತ್ತಡ ಹೆಚ್ಚು ಬಂದು, ಇನ್ನೊಂದು ದಿನ ಬನ್ನಿ ಎಂದು ಕಳಿಸಿದ್ದರು. ಎರಡನೆಯ ಸಲವೂ ಹಾಗೇ ಬಂದಿದ್ದರೆ ಅವರನ್ನು ಹಡಗಿನಿಂದ ಇಳಿಸಿ ದಡದ ಮೇಲಿನ ಯಾವುದಾದರೂ ಉಗ್ರಾಣಕ್ಕೆ ಹಾಕುತ್ತಿದ್ದರು. ಆ ಭಯಕ್ಕೆ ಅವರು ಪಾದರಸದ ಯಂತ್ರವೊಂದನ್ನು ಕೊಂಡು ತಂದರು. ಹೊರಗಿನ ಡಾಕ್ಟರಿಂದ ಗುಟ್ಟಾಗಿ ಮಾತ್ರೆ ಬರೆಸಿಕೊಂಡರು. ಅಳೆಯುವುದನ್ನು ಕಲಿತದ್ದು ಅವರ ಹೆಂಡತಿ. ಕಿವಿಗೆ ಸ್ಟೆತಾಸ್ಕೋಪ್ ಹಾಕಿಕೊಂಡು ಆಕೆ ಕಣ್ಣು ಮುಚ್ಚಿ ಕೇಳುವಾಗ ಮನೆಯಲ್ಲಿ ಯಾರೂ ಮಾತಾಡುವಂತಿರಲಿಲ್ಲ.

ಗಂಡನ ಸರದಿ ಮುಗಿದ ಮೇಲೆ ಬಂದ ಅತಿಥಿಗಳೂ ಕೈ ಚಾಚಬೇಕು. ಅದು ಆ ಮನೆಯ ಪದ್ಧತಿ.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ವಿಜಯವಾಡದ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಉಪಸಂಪಾದಕ. ಭಾವ, ಅಂದರೆ ನನ್ನ ಅಕ್ಕನ ಗಂಡ, ಹರಿಹರದಲ್ಲಿ ಬ್ಯಾಂಕಿನ ಗುಮಾಸ್ತರಾಗಿದ್ದವರು ಪರೀಕ್ಷೆ ಬರೆದು ಆಫೀಸರ್ ಆದರು. ಆಫೀಸರ್ ಆದವರನ್ನು ರಾಜ್ಯದಿಂದ ಹೊರಗೆ ಹಾಕುವುದು ಅವರ ಬ್ಯಾಂಕಿನ ರೂಢಿಯಾಗಿತ್ತು. ಹೀಗಾಗಿ ವಿಶಾಖಪಟ್ಟಣ. ಅಕ್ಕ ಹರಿಹರದ ಸರ್ಕಾರಿ ಹೈಸ್ಕೂಲಿನಲ್ಲಿ ಟೀಚರ್. ಕೆಲಸ ಬಿಟ್ಟು ಹೊರಡುವಂತಿರಲಿಲ್ಲ. ಮಗಳಿಗೆ ಆಗಿನ್ನೂ ಎರಡು ತುಂಬಿರಲಿಲ್ಲ. ವಾರದ ರಜೆಗೆ ನಾನು ಒಮ್ಮೊಮ್ಮೆ ರೈಲು ಹತ್ತಿ ಭಾವನಲ್ಲಿಗೆ ಹೋಗುತ್ತಿದ್ದೆ. ಹಾಗೆ ಹೋದಾಗಲೇ ಆ ಭಾನುವಾರ.

“ಕೈ ಕೊಡಿ ಬ್ಯಾಂಕಿನವರೇ,” ಎಂದರು ಯಜಮಾನರು. “ಸೈನ್ ಮಾಡ್ಲಿಕ್ಕೆ ಅಲ್ಲ, ಹೆದರ್ಬೇಡಿ.”

ಆಕೆ ಒಮ್ಮೆ ಅಳೆದರು. ಪಟ್ಟಿ ಬಿಚ್ಚಿ ಇನ್ನೊಂದು ತೋಳಿಗೆ ಸುತ್ತಿದರು. “ಊಟ ಆದ ಕೂಡ್ಲೆ ಅಲ್ವಾ, ಸ್ವಲ್ಪ ಕೂತ್ಕೊಳ್ಳಿ,” ಎಂದು ಒಳಗೆ ಹೋಗಿ ಪಾತ್ರೆ ಎತ್ತಿಟ್ಟು ಬಂದು ಮತ್ತೆ ಅಳೆದರು. ಗಂಡನ ಮುಖ ನೋಡಿ ಹೇಳಿದರು: “ನೂರ ಎಪ್ಪತ್ತು, ನೂರ ಹತ್ತು.”

“ಎಂತ ಮಾರಾಯ್ರೆ, ನನ್ನನ್ನೇ ಹಿಂದೆ ಹಾಕಿದ್ರಲ್ಲ!”

ಭಾವನಿಗೆ ಆಗ ಮೂವತ್ತೊಂದು. ತೆಳ್ಳಗಿನ ದೇಹ. ಬೀಡಿ ಸಿಗರೇಟು ಯಾವುದೂ ಇಲ್ಲ. ಅವರ ಬ್ಯಾಂಕಿನವರೇ ಆದ ಇನ್ನೊಬ್ಬ ಅತಿಥಿ ತೊಡೆ ತಟ್ಟಿ, “ನಿಮ್ ಟ್ರಾನ್ಸ್‌ಫರ್ ಆಯ್ತು ಅಂತ ತಿಳ್ಕೊಳ್ಳಿ ಸಾರ್!” ಎಂದರು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ಭಾವ. ಆಕೆ ಮಾತ್ರ ಪಟ್ಟಿಯನ್ನು ಮಡಿಸಿಡುತ್ತ, “ನಗುವ ವಿಷಯ ಅಲ್ಲ ಇದು,” ಎಂದರು.

ಆ ನಗುವನ್ನು ವಿವರಿಸಬೇಕು. ಊರು ಬಿಟ್ಟು ಬಂದ ಬ್ಯಾಂಕಿನವರಿಗೆ ಅವಧಿಗೆ ಮುಂಚೆ ವಾಪಸು ಹೋಗಲು ಇದ್ದದ್ದು ಒಂದೇ ಬಾಗಿಲು, ಅನಾರೋಗ್ಯದ ಕಾರಣ. ಅದರಲ್ಲಿ ಬಿಪಿ ಎಲ್ಲಕ್ಕಿಂತ ಅನುಕೂಲದ ಕಾಯಿಲೆ. ಮುಖದ ಮೇಲೆ ಕಾಣುವುದಿಲ್ಲ, ಮಲಗಬೇಕಾಗಿಲ್ಲ, ಯಾರಿಗೆ ಬೇಕಾದರೂ ಬರಬಹುದು. ಎಷ್ಟು ಜನ ಆ ಕಾಯಿಲೆ ಹೇಳಿಕೊಂಡು ಊರು ಸೇರಿದ್ದರೆಂದರೆ, ಕನ್ನಡದವರು ನಾಲ್ಕು ಜನ ಕೂತಲ್ಲಿ ಬಿಪಿ ಎಂದರೆ ಕಾಯಿಲೆಯ ನೆನಪೇ ಆಗುತ್ತಿರಲಿಲ್ಲ. ರೈಲಿನ ನೆನಪಾಗುತ್ತಿತ್ತು. ಹೆಚ್ಚು ಬಂದವನದು ‘ಒಳ್ಳೆ ಬಿಪಿ’. ಸರಿಯಾಗಿದ್ದವನನ್ನು ಕಂಡು ಪಾಪ ಎನ್ನುತ್ತಿದ್ದರು.

ಮರುವರ್ಷ ಭಾವನಿಗೆ ವರ್ಗವಾಯಿತು, ಊರಿಗಲ್ಲ, ವಿಜಯವಾಡಕ್ಕೆ. ಬೆಂಜ್ ಸರ್ಕಲ್ ಹಿಂದಿನ ಗಲ್ಲಿಯಲ್ಲಿ ನಾನು ಬಾಡಿಗೆಗಿದ್ದ ಮನೆಗೇ ಬಂದರು. ನಾನೇ ಹಟ ಮಾಡಿ ಹತ್ತಿರದ ಒಬ್ಬ ಡಾಕ್ಟರಲ್ಲಿಗೆ ಕರೆದುಕೊಂಡು ಹೋದೆ. ಅವರು ಮಾತು ಕಡಿಮೆಯ ಹಿರಿಯರು. ತೆಲುಗಿನಲ್ಲಿ ಕೇಳಿದರು, ನಮಗೆ ಅರ್ಥವಾಗಲೆಂದು ನಿಧಾನವಾಗಿ:

“ತಲೆನೋವು ಇದೆಯಾಂಡಿ? ತಲೆ ಸುತ್ತು?”

“ಏನೂ ಇಲ್ಲ ಡಾಕ್ಟರ್‌ಗಾರು. ಆರಾಮಿದೀನಿ.”

“ಅದೇ ಕಷ್ಟ. ನೋವಾಗಿದ್ದರೆ ನೀವೇ ಓಡಿ ಬರುತ್ತಿದ್ದಿರಿ.” ರಕ್ತ, ಮೂತ್ರ ಎಲ್ಲ ಪರೀಕ್ಷೆಗೆ ಬರೆದರು. ಚಿಕ್ಕ ವಯಸ್ಸಿಗೆ ಬಂದರೆ ಮೂತ್ರಪಿಂಡವನ್ನು ನೋಡಲೇಬೇಕು ಎಂದರು. ಅದರಲ್ಲಿ ದೋಷವೇನೂ ಸಿಗಲಿಲ್ಲ. ಭಾವನ ತಂದೆ ಐವತ್ತು ದಾಟದೆ ತೀರಿಹೋದವರು ಎಂಬುದನ್ನು ಕೇಳಿ ತಿಳಿದುಕೊಂಡರು. ದಿನಕ್ಕೊಂದು ಮಾತ್ರೆ, ಉಪ್ಪು ಕಡಿಮೆ, ಉಪ್ಪಿನಕಾಯಿ ಬೇಡ, ಬೆಳಿಗ್ಗೆ ನಡಿಗೆ. “ಮಾತ್ರೆ ಮಾತ್ರ ನಿಲ್ಲಿಸಬೇಡಿ. ಕಡಿಮೆಯಾಗಿದೆ ಅನ್ನಿಸಿದರೂ ನನ್ನನ್ನು ಕೇಳದೆ ನಿಲ್ಲಿಸಬೇಡಿ. ಅದು ಕಡಿಮೆಯಾಗಿರುವುದೇ ಮಾತ್ರೆಯಿಂದ.”

ಭಾವ ಪಾಲಿಸಿದರು. ಇದನ್ನು ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ನಂತರ ಊರಿನಲ್ಲಿ ಅವರ ಬಗ್ಗೆ ಬೇರೆ ಮಾತುಗಳು ಹುಟ್ಟಿದವು. ಅವರು ಉಡಾಫೆಯ ಮನುಷ್ಯರಾಗಿರಲಿಲ್ಲ. ವಿಜಯವಾಡದಲ್ಲಿ ಆವಕಾಯಿ ಉಪ್ಪಿನಕಾಯಿ ಇಲ್ಲದೆ ಊಟ ಮಾಡುವುದೆಂದರೆ ಮೆಸ್ಸಿನವರನ್ನು ಅವಮಾನಿಸಿದ ಹಾಗೆ. ಬಡಿಸುವವನು ದಿನವೂ ಚಮಚ ಹಿಡಿದು ನಿಲ್ಲುತ್ತಿದ್ದ, ಭಾವ ದಿನವೂ ಎಲೆಯ ಮೇಲೆ ಕೈ ಅಡ್ಡ ಇಡುತ್ತಿದ್ದರು. “ಏಮಂಡಿ, ಮಾ ಊರಿನ ಖಾರ ಅಂದ್ರೆ ಭಯವಾ?” ಎಂದು ಅವನ ಕುಚೋದ್ಯ. ಬೆಳಿಗ್ಗೆ ಬಿಸಿಲೇರುವ ಮುಂಚೆ ಕಾಲುವೆಯ ದಂಡೆಯ ಮೇಲೆ ನಡೆದು ಬರುತ್ತಿದ್ದರು. ಕೆಲವೇ ತಿಂಗಳಲ್ಲಿ ಒತ್ತಡ ಸರಿಯಾದ ಮಟ್ಟಕ್ಕೆ ಇಳಿಯಿತು. ಮಾತ್ರೆ ತನ್ನ ಕೆಲಸ ಮಾಡಿತ್ತು. ಅದೇ ತೊಂದರೆಯಾಯಿತು.

ಆ ಬೇಸಿಗೆಯಲ್ಲಿ ಭಾವ ರಜೆ ಹಾಕಿ ಹರಿಹರಕ್ಕೆ ಹೊರಟರು. ನಾನೂ ಜೊತೆಗಿದ್ದೆ. ಮಗಳಿಗಾಗಿ ಕೊಂಡಪಲ್ಲಿಯ ಮರದ ಆನೆಯೊಂದನ್ನು ದಾರಿಯುದ್ದಕ್ಕೂ ತೊಡೆಯ ಮೇಲೇ ಇಟ್ಟುಕೊಂಡಿದ್ದರು. ನಾವು ಒಳಗೆ ಹೋಗಿ ಕೂತಾಗ ಮಗು, ಆಗ ಅದಕ್ಕೆ ಮೂರು ವರ್ಷ, ಅಡುಗೆಮನೆಯಿಂದ ಲೋಟದಲ್ಲಿ ನೀರು ತಂದಿತು. ಎರಡೂ ಕೈಯಲ್ಲಿ ಹಿಡಿದು, ಚೆಲ್ಲದಂತೆ ನೋಡಿಕೊಂಡು. ಮನೆಗೆ ಬಂದವರಿಗೆ ನೀರು ಕೊಡಬೇಕೆಂದು ಅಕ್ಕ ಕಲಿಸಿದ್ದಳು. ಭಾವನ ಕೈಗೆ ಲೋಟ ಕೊಟ್ಟು, ಬಂದ ನೆಂಟರನ್ನೆಲ್ಲ ಕೇಳುವ ಹಾಗೆ ಕೇಳಿತು:

“ಯಾವಾಗ ಹೋಗ್ತೀರಿ?”

ಅಕ್ಕ ನಗಲು ನೋಡಿದಳು. “ಅಪ್ಪಾಜಿಗೆ ಹಂಗೆ ಕೇಳ್ತಾರೇನೆ?” ಎಂದಳು. ಭಾವ ನೀರು ಕುಡಿದು ಲೋಟ ವಾಪಸು ಕೊಟ್ಟು, “ಬುಧವಾರ,” ಎಂದರು, ನಿಜವಾದ ಉತ್ತರವನ್ನೇ.

ವಾಪಸು ಬರುವಾಗ ಗುಂತಕಲ್ಲಿನ ಪ್ಲಾಟ್‌ಫಾರಂನಲ್ಲಿ ಹೇಳಿದರು: “ಶಾಲೆಗೆ ಸೇರ್ಸೋ ಹೊತ್ತಿಗೆ ನಾನು ಊರಾಗಿರ್ಬೇಕು ನೋಡಪಾ. ಕೈ ಹಿಡ್ಕಂಡು ಹೋಗಿ ಬಿಟ್ಟು ಬರ್ಬೇಕು. ಇಲ್ಲಾಂದ್ರೆ ನಾನು ಅದಕ್ಕೆ ಬ್ಯಾಂಕಿನೋನಾಗೇ ಉಳೀತೀನಿ.”

ವಿಜಯವಾಡಕ್ಕೆ ಬಂದವರೇ ವರ್ಗಾವಣೆಗೆ ಅರ್ಜಿ ಹಾಕಿದರು. ಕಾರಣ, ರಕ್ತದೊತ್ತಡ. ಅವರ ವಿಷಯದಲ್ಲಿ ಅದು ಸುಳ್ಳಾಗಿರಲಿಲ್ಲ. ಆದರೆ ಅಷ್ಟು ಹೊತ್ತಿಗೆ ಬ್ಯಾಂಕಿನ ಮೇಲಿನವರಿಗೂ ಬಿಪಿಯ ಕಥೆಗಳು ಸಾಕಾಗಿದ್ದವು. ತಾವು ಗೊತ್ತುಮಾಡಿದ ಡಾಕ್ಟರೇ ಅಳೆದು ಹೇಳಬೇಕು ಎಂದರು. ಆ ಡಾಕ್ಟರು ಇದ್ದದ್ದು ವಿಶಾಖಪಟ್ಟಣದಲ್ಲಿ.

ಮಾತ್ರೆ ನುಂಗಿಕೊಂಡು ಹೋದರೆ ಪಾದರಸ ಸರಿಯಾದ ಜಾಗದಲ್ಲಿ ನಿಲ್ಲುತ್ತದೆ, ‘ಏನೂ ಇಲ್ಲ’ ಎಂದು ಬರೆದು ಕಳಿಸುತ್ತಾರೆ. ಊರು ಸೇರಿದ ಹಳಬರು ಹೇಳಿಕೊಟ್ಟು ಹೋಗಿದ್ದ ದಾರಿ ಎಲ್ಲರಿಗೂ ಗೊತ್ತಿತ್ತು. ಮಾತ್ರೆ ನಿಲ್ಲಿಸುವುದು, ಆವಕಾಯಿ ಕಲಸಿಕೊಂಡು ಉಣ್ಣುವುದು, ಹಿಂದಿನ ದಿನ ನಿದ್ದೆಗೆಡುವುದು. ಕಾಯಿಲೆ ಇಲ್ಲದವರಿಗಾಗಿ ಹುಟ್ಟಿದ ಉಪಾಯ ಅದು. ಕಾಯಿಲೆ ಇದ್ದವರು ಹೀಗೆ ಮಾಡಿದರೆ ಏನಾಗುತ್ತದೆ ಎಂದು ಹೇಳಿಕೊಟ್ಟವರಿಗೂ ಗೊತ್ತಿರಲಿಲ್ಲ.

“ಡಾಕ್ಟರು ನಿಲ್ಲಿಸಬೇಡಿ ಅಂದಿದಾರೆ ಭಾವ,” ಎಂದೆ.

“ನಾಕು ದಿನಕ್ಕೆ ಏನಾಗ್ತತೆ? ಮಾತ್ರೆ ಇಲ್ದಾಗ್ಲೂ ಇದ್ನಲ್ಲ, ನೂರ ಎಪ್ಪತ್ತು ಇಟ್ಕಂಡು ಓಡಾಡ್ಲಿಲ್ವಾ?”

“ಆವಾಗ ಗೊತ್ತಿರಲಿಲ್ಲ.”

“ಗೊತ್ತಿರೋನಿಗೇ ಬಿಪಿ ಜಾಸ್ತಿ, ಅಲ್ವೇನು? ಪೇಪರ್‌ನೋರಿಗೆ ಎಲ್ಲಾದ್ರಾಗೂ ಅಪಾಯನೇ ಕಾಣ್ತತೆ.”

ನಾಲ್ಕು ದಿನವೆಂದೇ ಅವರ ಲೆಕ್ಕವಿದ್ದದ್ದು. ನಾಳೆ ಹೊರಡಬೇಕು ಎನ್ನುವಾಗ ಬ್ಯಾಂಕಿಗೆ ಫೋನು ಬಂತು. ಡಾಕ್ಟರು ಊರಲ್ಲಿಲ್ಲ, ಮುಂದಿನ ವಾರ. ಮುಂದಿನ ವಾರ ಲೆಕ್ಕ ತಪಾಸಣೆಯವರು ಬಂದು ಕೂತರು, ರಜೆ ಸಿಗಲಿಲ್ಲ. ಮತ್ತೆ ಮುಂದಿನ ವಾರ. ಪ್ರತಿ ಸಲವೂ ಇನ್ನೇನು ಎಂಟು ದಿನವಷ್ಟೇ ಉಳಿದಿರುತ್ತಿತ್ತು. ಎಂಟು ದಿನಕ್ಕೆಂದು ಮತ್ತೆ ಮಾತ್ರೆ ಶುರುಮಾಡಿದರೆ ಇಷ್ಟು ದಿನ ಬಿಟ್ಟದ್ದೆಲ್ಲ ದಂಡ ಎಂದು ಅವರಿಗೆ ಅನ್ನಿಸುತ್ತಿತ್ತು. ಹೀಗೆ ಎರಡು ತಿಂಗಳು ಹತ್ತಿರವಾಯಿತು. ಮೆಸ್ಸಿನಲ್ಲಿ ಬಡಿಸುವವನು ಗೆದ್ದವನ ಹಾಗೆ ಆವಕಾಯಿ ಹಾಕುತ್ತಿದ್ದ. ಸಂಜೆ ಸರ್ಕಲ್ಲಿನ ಎಸ್‌ಟಿಡಿ ಬೂತಿನಿಂದ ಭಾವ ಅಕ್ಕನ ಪಕ್ಕದ ಮನೆಗೆ ಫೋನು ಮಾಡುವಾಗ ನಾನು ಹೊರಗೆ ನಿಂತಿರುತ್ತಿದ್ದೆ. ಲಾರಿಗಳ ಸದ್ದಿಗೆ ಅವರು ಕೂಗಿಯೇ ಮಾತಾಡಬೇಕು.

“ಬಿಪಿನಾ? ಭಾರಿ ಚೆನ್ನಾಗೈತೆ! ಮೇಲೆ ಹೋಗೈತೆ! ಹೂಂ, ನೀನು ಶಾಲೆ ಗೊತ್ತುಮಾಡಿಡು!”

ಕೊನೆಗೊಂದು ದಿನ ಹೊರಟೆವು. ವಿಶಾಖಪಟ್ಟಣ ತಲುಪಿ ಡಾಕ್ಟರಲ್ಲಿಗೆ ಹೋದರೆ ಅಲ್ಲಿಗೆ ಬ್ಯಾಂಕಿನ ಕಾಗದ ಬಂದಿರಲಿಲ್ಲ. ಕಾಗದವಿಲ್ಲದೆ ಅವರು ಅಳೆಯುವುದಿಲ್ಲ. ಸೋಮವಾರ ಬನ್ನಿ ಎಂದರು. ಅವತ್ತು ಗುರುವಾರ. ವಾಪಸಿನ ರೈಲಿಗೆ ಹೊತ್ತಿದ್ದುದರಿಂದ ನೌಕಾಪಡೆಯವರ ಮನೆಗೆ ಹೋದೆವು. ಮಧ್ಯಾಹ್ನದ ಊಟ ಅಲ್ಲೇ. ಬಂಗುಡೆ ಮೀನಿನ ಸಾರಿನ ವಾಸನೆಗೆ ಭಾವ ಮೂಗು ಮುಚ್ಚಿ ತಮಾಷೆ ಮಾಡಿದರು. ಅವರಿಗೆಂದೇ ಬೇರೆ ತಿಳಿಸಾರು ಮಾಡಿದ್ದರು.

ಪೆಟ್ಟಿಗೆ ಹೊರಗೆ ಬಂತು. ಮೊದಲು ಯಜಮಾನರದು. ಮುಂದಿನ ವಾರ ಅವರ ವಾರ್ಷಿಕ ಪರೀಕ್ಷೆಯಿತ್ತು. ಮಾತ್ರೆ, ಸಪ್ಪೆ ಊಟ, ನಿದ್ದೆ, ಎಲ್ಲ ಶಿಸ್ತಿನಿಂದ ನಡೆದಿತ್ತು.

“ನೋಡಿ, ಮಗುವಿನ ಹಾಗೆ ಉಂಟು,” ಎಂದು ಅವರು ಬೀಗಿದರು. “ನೀವು ಏರಿಸ್ಲಿಕ್ಕೆ ವ್ರತ, ನಾನು ಇಳಿಸ್ಲಿಕ್ಕೆ ವ್ರತ.”

“ಅದ್ಲುಬದ್ಲು ಮಾಡ್ಕಂಡ್ರೆ ಹೆಂಗೆ ಸಾರ್? ನನ್ ಹೆಸರಾಗೆ ನೀವು ಹಡಗು ಹತ್ರಿ, ನಿಮ್ ಹೆಸರಾಗೆ ನಾನು ಹರಿಹರದ ಬಸ್ ಹತ್ತೀನಿ,” ಎಂದರು ಭಾವ.

ಆಕೆ ಭಾವನ ತೋಳಿಗೆ ಪಟ್ಟಿ ಸುತ್ತಿ ರಬ್ಬರ್ ಬುಗ್ಗೆಯನ್ನು ಒತ್ತಿದರು. ಕಣ್ಣು ಮುಚ್ಚಿ ಕೇಳಿದರು. ಮತ್ತೆ ಒತ್ತಿದರು, ಮೊದಲಿಗಿಂತ ಎತ್ತರಕ್ಕೆ. ಅಂಕಿ ಹೇಳಲಿಲ್ಲ. ಪಟ್ಟಿ ಬಿಚ್ಚಿ, ಗಂಡನ ಮಾತ್ರೆಯ ಪಟ್ಟಿಯನ್ನೂ ಒಂದು ಲೋಟ ನೀರನ್ನೂ ತಂದು ಭಾವನ ಮುಂದೆ ಇಟ್ಟರು.

“ಇದು ನಿಮ್ಮದಲ್ಲ ಅಂತ ಗೊತ್ತುಂಟು ನಂಗೆ. ನಿಮ್ಮ ಮಾತ್ರೆ ಎಲ್ಲಿ? ಚೀಲದಲ್ಲಿ ಉಂಟಾ? ಇಲ್ಲದಿದ್ರೆ ಈಗ್ಲೇ ಯಾವುದಾದ್ರೂ ಡಾಕ್ಟರ ಹತ್ರ ಹೋಗಿ. ಊರಿಗೆ ಆಮೇಲೆ ಹೋಗ್ಬಹುದು.”

“ಎಷ್ಟೈತೆ ಹೇಳ್ರಿ ಅಕ್ಕಾ.”

“ಹೇಳುದಿಲ್ಲ. ಹೇಳಿದ್ರೆ ನೀವು ಖುಷಿ ಪಡ್ತೀರಿ.”

ಭಾವ ಕೈ ಮುಗಿದರು. “ಸೋಮವಾರದ ತನಕ ಅಷ್ಟೆ. ಸೋಮವಾರ ಅಳೆಸಿ, ಅಲ್ಲೇ ಬಾಗಿಲ ಹತ್ರನೇ ಮಾತ್ರೆ ನುಂಗ್ತೀನಿ. ನಿಮ್ಮಾಣೆ.”

“ಇಬ್ರೂ ಮಂಗಗಳು,” ಎಂದು ಆಕೆ ಒಳಗೆ ಹೋದರು.

ಶನಿವಾರ ಬೆಳಿಗ್ಗೆ ವಿಜಯವಾಡದಲ್ಲಿ ನಾನು ಮನೆಯಲ್ಲಿದ್ದೆ. ನನ್ನ ಪಾಳಿ ಸಂಜೆಯದು. ಭಾವ ಬ್ಯಾಂಕಿಗೆ ಹೊರಟು ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದರು. ಬಲಗಾಲು ಚಪ್ಪಲಿಯೊಳಗೆ ಹೋಗಲಿಲ್ಲ. ಮತ್ತೆ ನೋಡಿದರು. ಹೆಬ್ಬೆರಳು ಪಟ್ಟಿಯ ಮೇಲೆಯೇ ಜಾರುತ್ತಿತ್ತು. “ಇದೇನಪಾ, ಚಪ್ಪಲಿ ಬ್ಯಾರೇರ್ದು ಆಗೈತೆ,” ಎಂದು ನಕ್ಕರು. ಆ ನಗು ಒಂದು ಕಡೆ ಮಾತ್ರ ಬಂತು. ತಲೆಯ ಹಿಂಭಾಗಕ್ಕೆ ಎಡಗೈ ಒಯ್ದರು. ಏನೋ ಹೇಳಿದರು, ಅದು ಮಾತಾಗಲಿಲ್ಲ. ನಾನು ಹಿಡಿಯುವಷ್ಟರಲ್ಲಿ ಗೋಡೆಗೆ ಒರಗಿ ಕುಸಿದು ಕೂತಿದ್ದರು. ಪಕ್ಕದ ಮನೆಯವರು ರಿಕ್ಷಾ ತಂದರು. ಆಸ್ಪತ್ರೆ ಹತ್ತಿರವೇ ಇತ್ತು.

ಸಂಜೆ ನಮ್ಮ ಹಿರಿಯ ಡಾಕ್ಟರೂ ಬಂದು ನೋಡಿದರು. ಮೆದುಳಿನಲ್ಲಿ ರಕ್ತನಾಳ ಒಡೆದಿದೆ ಎಂದರು. ಬದುಕುತ್ತಾರೆಯೇ ಎಂದು ಕೇಳಿದೆ. ಈಗ ಹೇಳಲಾಗದು ಎಂದರು. ಆಮೇಲೆ ಅವರೇ ಕೇಳಿದರು: “ಮಾತ್ರೆ?” ನಾನು ನಡೆದದ್ದನ್ನೆಲ್ಲ ನಡೆದ ಕ್ರಮದಲ್ಲೇ ಹೇಳಿದೆ. ಅವರು ಬೈಯಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, “ಮನೆಗೆ ಹೋಗುವುದಕ್ಕಾ?” ಎಂದು ಮಾತ್ರ ಕೇಳಿದರು.

ಸೋಮವಾರ ಅಕ್ಕ ಮಗುವನ್ನು ಎತ್ತಿಕೊಂಡು ಬಂದಳು. ಒಳಗೆ ಹೋಗಿ ನೋಡಿ ಬಂದು ವರಾಂಡದ ಬೆಂಚಿನ ಮೇಲೆ ಕೂತಳು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೇಳಿದಳು:

“ಮಾತ್ರೆ ತಗಂತಿದ್ರಾ?”

“ಇಲ್ಲ.”

“ಯಾವಾಗಿಂದ?”

ಹೇಳಿದೆ. ಅವಳು ಮಗುವಿನ ಫ್ರಾಕಿನ ಗುಂಡಿಯನ್ನು ಹಾಕುತ್ತ, ಬಿಚ್ಚುತ್ತ ಕೂತಿದ್ದಳು. “ಬಿಪಿ ಮೇಲೆ ಹೋಗೈತೆ ಅಂದ್ರು ಫೋನಿನಾಗೆ,” ಎಂದಳು. “ಎಲ್ರೂ ಬರೆಸ್ಕಂಡು ಬರ್ತಾರಲ್ಲ, ಹಂಗೆ ಅಂದ್ಕಂಡೆ. ಒಳ್ಳೇದಾತು ಬಿಡ್ರಿ ಅಂದೆ. ನಾನೇ ಅಂದೆ ಕಣೋ, ಒಳ್ಳೇದಾತು ಅಂತ.”

ನಾನು ಹೊರಗೆ ಹೋಗಿ ಮಗುವಿಗೆ ಬಿಸ್ಕತ್ತು ತಂದೆ.

ಭಾವ ಉಳಿದರು. ಬಲಗೈ, ಬಲಗಾಲು ಮತ್ತು ಮಾತು ಉಳಿಯಲಿಲ್ಲ. ಏನು ಹೇಳಲು ಹೋದರೂ ಹೊರಗೆ ಬರುತ್ತಿದ್ದದ್ದು ‘ಆಯ್ತು’ ಎಂಬ ಒಂದೇ ಮಾತು. ನೀರು ಬೇಕಾದರೂ ಆಯ್ತು, ನೋವಾದರೂ ಆಯ್ತು. ಎಷ್ಟು ವರ್ಷ ಕೌಂಟರಿನಲ್ಲಿ ಕೂತು ಜನಕ್ಕೆ ಹೇಳಿದ್ದರೋ, ಅದೊಂದು ಹೇಗೋ ಉಳಿದುಕೊಂಡಿತ್ತು. ನೌಕಾಪಡೆಯವರು ವಿಶಾಖಪಟ್ಟಣದಿಂದ ಹೆಂಡತಿಯ ಜೊತೆ ನೋಡಲು ಬಂದರು. ಮಂಚದ ಪಕ್ಕ ನಿಂತು ಭಾವನ ಎಡಗೈ ಹಿಡಿದುಕೊಂಡರು. ಹೊರಗೆ ಬಂದ ಮೇಲೆ ನನಗೆ ಹೇಳಿದರು: ನಿಮ್ಮ ಭಾವನ ಸುದ್ದಿ ಕೇಳಿದ ಮರುದಿನ ನನ್ನ ಪರೀಕ್ಷೆ ಇತ್ತು, ಅಳೆಯುವ ಮುಂಚೆಯೇ ಡಾಕ್ಟರಿಗೆ ಎಲ್ಲ ಹೇಳಿಬಿಟ್ಟೆ. ಹಡಗಿನಿಂದ ಇಳಿಸಿದ್ದರು. ಈಗ ಅವರಿಗೆ ನೌಕಾಪಡೆಯ ಆಸ್ಪತ್ರೆಯಿಂದಲೇ ಮಾತ್ರೆ. “ಸಮುದ್ರ ಕಿಟಕಿಯಿಂದ ಕಾಣ್ತದೆ,” ಎಂದರು. ಹೆಂಡತಿ ಅವರ ತೋಳು ಹಿಡಿದು ನಿಂತಿದ್ದರು.

ಬ್ಯಾಂಕಿನವರು ತಡಮಾಡಲಿಲ್ಲ. ಮೇಲಿನ ಅಧಿಕಾರಿಯೊಬ್ಬರು ಆಸ್ಪತ್ರೆಗೇ ಬಂದು ನೋಡಿ ಹೋದರು. ಯಾವ ಡಾಕ್ಟರೂ ಅಳೆದು ಹೇಳಬೇಕಾಗಿರಲಿಲ್ಲ. ಭಾವನಿಗೆ ಹರಿಹರಕ್ಕೇ ವರ್ಗವಾಯಿತು.

ಮುಂದಿನ ವರ್ಷ ಜೂನಿನಲ್ಲಿ ನಾನು ಅಲ್ಲಿಗೆ ಹೋದೆ. ಮಗು ಅವತ್ತು ಶಾಲೆಯಿಂದ ಪಕ್ಕದ ಮನೆಯವರ ಕೈ ಹಿಡಿದುಕೊಂಡು ಬಂತು. ಭಾವ ಹೊರಬಾಗಿಲಿನ ಹತ್ತಿರ ಕುರ್ಚಿಯಲ್ಲಿ ಕೂತು ದಾರಿ ನೋಡುತ್ತಿದ್ದರು. ದಿನವೂ ಅಲ್ಲೇ ಕೂರುತ್ತಾರೆ ಎಂದಳು ಅಕ್ಕ. ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಅಕ್ಕನೇ ಮಾತ್ರೆ ನುಂಗಿಸುತ್ತಾಳೆ, ಬಾಯಿ ತೆರೆಸಿ ನೋಡುತ್ತಾಳೆ. ಊರಿನ ಡಾಕ್ಟರು ವಾರಕ್ಕೊಮ್ಮೆ ಬಂದು ಅಳೆಯುತ್ತಾರೆ. ಹಿಂದಿನ ದಿನವಷ್ಟೇ ಬಂದು, ಏನೂ ಹೆಚ್ಚಿಲ್ಲ, ಇದ್ದರೆ ಹೀಗಿರಬೇಕು ಎಂದು ಹೇಳಿ ಹೋಗಿದ್ದರು. ಅದನ್ನು ನನಗೆ ಹೇಳುವಾಗ ಅಕ್ಕ ‘ಒಳ್ಳೆ’ ಎಂದು ಶುರುಮಾಡಿ, ನಿಲ್ಲಿಸಿ, “ಸರಿಯಾಗೈತೆ,” ಎಂದಳು.

ಮಗು ಚೀಲ ಇಳಿಸಿ ಅಡುಗೆಮನೆಗೆ ಹೋಗಿ ನೀರು ತಂದಿತು. ಮೊದಲು ಅಪ್ಪನಿಗೆ. ಲೋಟವನ್ನು ತಾನೇ ಅವರ ತುಟಿಗೆ ಹಿಡಿದು, ಬಾಯಿಯ ಬಲಬದಿಯಿಂದ ಸೋರಿದ್ದನ್ನು ಲಂಗದ ಅಂಚಿನಿಂದ ಒರೆಸಿತು. ಅವರನ್ನು ಏನೂ ಕೇಳಲಿಲ್ಲ. ಆಮೇಲೆ ಇನ್ನೊಂದು ಲೋಟ ತಂದು ನನಗೆ ಕೊಟ್ಟಿತು.

“ಮಾಮಾ, ನೀವು ಯಾವಾಗ ಹೋಗ್ತೀರಿ?”

“ನಾಳೆ,” ಎಂದೆ.

ಭಾವ ಮಗಳ ಕಡೆ ನೋಡಿ, ಆಮೇಲೆ ನನ್ನ ಕಡೆ ನೋಡಿದರು. ಏನೋ ಬಹಳ ಹೇಳಲು ಹೊರಟಿದ್ದರು. ಎಡಗೈ ಎತ್ತಿದರು.

“ಆಯ್ತು,” ಎಂದರು.